‘ಆದ್ದರಿಂದ’ ಎಂಬ ಪದದ ಮೇಲಿನ ಹೊರೆ

ಕೆಲವು ವರ್ಷಗಳ ಹಿಂದೆ ಪದವಿಪೂರ್ವ ವಿದ್ಯಾರ್ಥಿಗಳ ಪ್ರಬಂಧ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿದ್ದೆ. ವಿಷಯ, ‘ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆ ಕಡ್ಡಾಯವಾಗಬೇಕೆ?’ ನಲವತ್ತಕ್ಕೂ ಹೆಚ್ಚು ಪ್ರಬಂಧಗಳಿದ್ದವು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ತಲೆಬರಹಗಳ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಹತ್ತನೆಯ ಪ್ರಬಂಧ ಓದುವ ಹೊತ್ತಿಗೆ ಒಂದೇ ಒಂದು ಪದ ಕಣ್ಣಿಗೆ ಚುಚ್ಚತೊಡಗಿತು. ಒಬ್ಬ ಹುಡುಗಿ ಬರೆದಿದ್ದಳು:

‘ಕನ್ನಡಕ್ಕೆ 1,500 ವರ್ಷಗಳ ಲಿಖಿತ ಇತಿಹಾಸವಿದೆ. ಕನ್ನಡಕ್ಕೆ 8 ಜ್ಞಾನಪೀಠ ಪ್ರಶಸ್ತಿಗಳು ಬಂದಿವೆ. ಆದ್ದರಿಂದ ಮಕ್ಕಳು ಕನ್ನಡದಲ್ಲೇ ಕಲಿಯಬೇಕು.’

ಮೊದಲೆರಡು ವಾಕ್ಯಗಳ ಬಗ್ಗೆ ಯಾರ ತಕರಾರೂ ಇಲ್ಲ. ಮೂರನೆಯದನ್ನು ಒಪ್ಪಲು ನನ್ನ ಮನಸ್ಸೂ ತುದಿಗಾಲಲ್ಲಿ ನಿಂತಿತ್ತು. ನಾನು ಕನ್ನಡ ಶಾಲೆಯಲ್ಲೇ ಅಕ್ಷರ ತಿದ್ದಿದವನು. ಆದರೆ ಎರಡರಿಂದ ಮೂರಕ್ಕೆ ಹೋಗುವ ದಾರಿಯೇ ಅಲ್ಲಿರಲಿಲ್ಲ. ಜ್ಞಾನಪೀಠದ ಲೆಕ್ಕವೇ ಆಧಾರವಾದರೆ ಹಿಂದಿಗೆ ನಮಗಿಂತ ಹೆಚ್ಚು ಬಂದಿವೆ. ಹಾಗೆಂದು ಮಂಡ್ಯದ ಮಗು ಹಿಂದಿಯಲ್ಲಿ ಮಗ್ಗಿ ಕಲಿಯಬೇಕೆ? ‘ಆದ್ದರಿಂದ’ ಎಂಬ ಬಡಪಾಯಿ ಪದದ ತಲೆಯ ಮೇಲೆ ಹೊರಲಾರದ ಹೊರೆ ಇಟ್ಟು ಹುಡುಗಿ ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟಿದ್ದಳು. ಪ್ರತಿಪಾದನೆ, ಪುರಾವೆ, ಗೃಹೀತ, ಪೂರ್ವಪಕ್ಷ, ಹೇತ್ವಾಭಾಸ ಎಂದೆಲ್ಲ ವಾದದ ಬರವಣಿಗೆಗೆ ಒಂದು ಪರಿಭಾಷೆಯಿದೆಯಲ್ಲ, ಅದೆಲ್ಲ ಬಹುಮಟ್ಟಿಗೆ ಈ ಒಂದು ಪದ ಹೊರೆ ತಾಳುತ್ತದೆಯೇ ಎಂದು ತಟ್ಟಿ ನೋಡುವ ಸಲಕರಣೆ.

ತಪ್ಪು ಅವಳದಲ್ಲ. ನಮ್ಮ ಪರೀಕ್ಷೆಗಳು ಗಾದೆಯನ್ನು ವಿಸ್ತರಿಸಿ ಬರೆಯಲು ಹೇಳುತ್ತವೆ. ಗಾದೆಯ ಜೊತೆ ಜಗಳವಾಡಲು ಹೇಳಿದ ಪ್ರಶ್ನೆಪತ್ರಿಕೆಯನ್ನು ನಾನು ಕಂಡಿಲ್ಲ. ‘ತಾಳಿದವನು ಬಾಳಿಯಾನು’ ಎಂದು ಕೊಟ್ಟರೆ ತಾಳ್ಮೆಯ ಗುಣಗಾನ ಮಾಡಬೇಕು. ತಾಳಿ ತಾಳಿ ಬಾಳು ಹಾಳಾದವರೂ ಇದ್ದಾರೆ ಎಂದು ಬರೆಯುವ ಧೈರ್ಯ ಯಾವ ಮಗುವಿಗಿದೆ? ವಿಸ್ತರಣೆಯಲ್ಲಿ ತೀರ್ಮಾನ ಮೊದಲೇ ಕೈಗೆ ಸಿಕ್ಕಿರುತ್ತದೆ, ಅದಕ್ಕೆ ಹೂವು ಏರಿಸಿದರಾಯಿತು. ವಾದದಲ್ಲಿ ತೀರ್ಮಾನಕ್ಕಾಗಿ ಬೆವರು ಸುರಿಸಬೇಕಾಗುತ್ತದೆ.

ಪ್ರತಿಪಾದನೆ ಎಂದರೆ, ಯಾರಾದರೂ ಅಡ್ಡ ಬಂದರೆ ಸಮರ್ಥಿಸಲು ನಾನು ಸಿದ್ಧ ಎಂದು ಬರೆದವನು ಒಪ್ಪಿಕೊಂಡ ಮಾತು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ಇದರ ಹೆಸರು ‘ಪ್ರತಿಜ್ಞೆ’. ಈಗಿನ ಕನ್ನಡದಲ್ಲಿ ಪ್ರತಿಜ್ಞೆಯೆಂದರೆ ಶಪಥ; ಭೀಷ್ಮನೇ ನೆನಪಾಗುತ್ತಾನೆ. ಹಳೆಯ ಅರ್ಥ ಅಷ್ಟು ಭೀಷಣವಲ್ಲ, ‘ಸಾಧಿಸಬೇಕಾದ ಮಾತು’ ಎಂದಷ್ಟೇ. ಒಂದು ವಾಕ್ಯ ಪ್ರತಿಪಾದನೆ ಹೌದೋ ಅಲ್ಲವೋ ಎಂದು ತಿಳಿಯಲು ನಾನು ಬಳಸುವ ಉಪಾಯ ಸರಳ: ಬುದ್ಧಿ ನೆಟ್ಟಗಿರುವ ಮನುಷ್ಯನೊಬ್ಬ ಇದಕ್ಕೆ ‘ಇಲ್ಲ’ ಎನ್ನಬಹುದೇ? ‘ಕನ್ನಡ ಸಂಪದ್ಭರಿತ ಭಾಷೆ’ ಎಂಬುದಕ್ಕೆ ಸಭೆಯಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಅದು ಚಪ್ಪಾಳೆಗಾಗಿ ಆಡುವ ಮಾತು. ‘ನಾಲ್ಕನೆಯ ತರಗತಿಯವರೆಗೆ ಖಾಸಗಿ ಶಾಲೆಗಳೂ ಮಾತೃಭಾಷೆಯಲ್ಲೇ ಕಲಿಸುವಂತೆ ಸರ್ಕಾರ ಕಡ್ಡಾಯ ಮಾಡಬೇಕು’ ಎಂದೊಡನೆ ಸಭೆಯಲ್ಲಿ ಹತ್ತು ಕೈಗಳು ಮೇಲೇಳುತ್ತವೆ. ಅದು ಪ್ರತಿಪಾದನೆ.

ಪ್ರತಿಪಾದನೆಗಳಲ್ಲೂ ಬಗೆಗಳಿವೆ, ಮತ್ತು ಕನ್ನಡದಲ್ಲಿ ವಾಕ್ಯದ ಕೊನೆಯ ಪದವೇ ಅದರ ಬಗೆ ಯಾವುದೆಂದು ಹೇಳಿಬಿಡುತ್ತದೆ. ‘ಇದೆ’ ಎಂದು ಮುಗಿದರೆ ಸಂಗತಿಯ ಮಾತು. ‘ಒಳ್ಳೆಯದು’ ಎಂದರೆ ಮೌಲ್ಯದ ಮಾತು. ‘ಬೇಕು’ ಎಂದರೆ ಕ್ರಮ ಕೈಗೊಳ್ಳುವ ಮಾತು. ಎಷ್ಟು ‘ಇದೆ’ಗಳನ್ನು ರಾಶಿ ಹಾಕಿದರೂ ರಾಶಿ ತಾನಾಗಿಯೇ ‘ಬೇಕು’ ಆಗುವುದಿಲ್ಲ. ಹುಡುಗಿಯ ಪ್ಯಾರಾವನ್ನು ಇನ್ನೊಮ್ಮೆ ನೋಡಿ: ‘ಇದೆ’, ‘ಬಂದಿವೆ’, ನೇರವಾಗಿ ‘ಕಲಿಯಬೇಕು’.

ಕಾರಣ ಮತ್ತು ಪುರಾವೆ ಎಂಬ ಎರಡನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ‘ಏಕೆ?’ ಎಂದಾಗ ಕೊಡುವುದು ಕಾರಣ. ‘ನಿನಗೆ ಹೇಗೆ ಗೊತ್ತು?’ ಎಂದಾಗ ತೋರಿಸಬೇಕಾದದ್ದು ಪುರಾವೆ. ‘ಮನೆಮಾತಿನಲ್ಲಿ ಕಲಿಸಿದರೆ ಮಗುವಿಗೆ ಬೇಗ ಅರ್ಥವಾಗುತ್ತದೆ’ ಎಂಬುದು ಕಾರಣ. ಪುರಾವೆ ಎಲ್ಲಿದೆ ಎಂದು ಕೇಳಿದರೆ ‘ಎಲ್ಲರಿಗೂ ತಿಳಿದಿರುವಂತೆ’, ‘ತಜ್ಞರು ಹೇಳುವಂತೆ’ ಎಂಬ ಉತ್ತರ ಬರುತ್ತದೆ. ಯಾವ ತಜ್ಞರು, ಯಾವ ಮಕ್ಕಳನ್ನು ನೋಡಿ, ಏನು ಅಳೆದು ಹೇಳಿದರು? ಇಷ್ಟು ಕೇಳಿದರೆ ಸಾಕು, ಅರ್ಧದಷ್ಟು ಸಂಪಾದಕೀಯಗಳು ಬೆವರುತ್ತವೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪದ ‘ಗೃಹೀತ’. ಹೇಳದೆಯೇ ಹಿಡಿದುಕೊಂಡಿರುವ ಮಾತು ಎಂದು ಅರ್ಥ. ಪುರಾವೆಯಿಂದ ಪ್ರತಿಪಾದನೆಗೆ ದಾಟಲು ಹಾಕಿದ ಸಂಕ, ಅಂದರೆ ಕಾಲುಸೇತುವೆ, ಅದು. ಮಲೆನಾಡಿನ ಹಳ್ಳದ ಮೇಲಿನ ಅಡಕೆ ಮರದ ಸಂಕದಂತೆ, ದಾಟುವವನು ಕಾಲಿನ ಕೆಳಗೆ ನೋಡುವುದಿಲ್ಲ. ಮುರಿದಾಗಲೇ ಅದು ಅಲ್ಲಿತ್ತು ಎಂದು ತಿಳಿಯುವುದು.

ನಮ್ಮ ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದ ಪಂಡಿತರು, ಈ ಸಂಕವನ್ನು ಬಾಯಿಬಿಟ್ಟು ಹೇಳಲೇಬೇಕೆಂದು ಕಟ್ಟುಮಾಡಿದ್ದರು. ಗೌತಮನ ನ್ಯಾಯಸೂತ್ರದ ಪ್ರಕಾರ ಒಂದು ಪೂರ್ಣ ವಾದಕ್ಕೆ ಐದು ಅವಯವಗಳು. ಬೆಟ್ಟದಲ್ಲಿ ಬೆಂಕಿ ಇದೆ: ಪ್ರತಿಜ್ಞೆ. ಏಕೆಂದರೆ ಹೊಗೆ ಕಾಣುತ್ತಿದೆ: ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವಂತೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ: ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ: ನಿಗಮನ. ಗಮನಿಸಿ, ‘ಆದ್ದರಿಂದ’ ಬರುವುದು ಐದನೆಯ ಮೆಟ್ಟಿಲಿನಲ್ಲಿ. ನಾವು ಎರಡನೆಯ ಮೆಟ್ಟಿಲಿನಿಂದಲೇ ಹಾರುತ್ತೇವೆ. ಮೂರನೆಯದರಲ್ಲಿ ಬರುವ ಅಡುಗೆಮನೆಯಂಥ ದೃಷ್ಟಾಂತವೂ ಹೇಗಿರಬೇಕೆಂದರೆ, ಪಂಡಿತನೂ ಪಾಮರನೂ ಒಂದೇ ಸಮನೆ ಒಪ್ಪುವಂತಿರಬೇಕು. ಒಲೆ ಉರಿಸಿದವರಿಗೆಲ್ಲ ಗೊತ್ತಿರುವ ವಿಷಯವಾದ್ದರಿಂದ ಅಡುಗೆಮನೆ. ಎಷ್ಟು ಮನೆಯೊಳಗಿನ ವಿವೇಕ!

ಇಂಥ ವಾದವನ್ನು ಕೆಡವಲು ಎರಡು ದಾರಿಗಳಿವೆ, ಎರಡೂ ಬೇರೆ ಬೇರೆ. ‘ಅದು ಹೊಗೆಯಲ್ಲ, ಜುಲೈ ತಿಂಗಳ ಮಡಿಕೇರಿಯಲ್ಲಿ ಬೆಟ್ಟದ ಮೇಲೆ ಕಾಣುವುದು ಮಂಜು’ ಎಂದರೆ ಪುರಾವೆಯನ್ನೇ ಅಲ್ಲಗಳೆದಂತೆ. ‘ಹೊಗೆ ಇರುವುದು ನಿಜ, ಆದರೆ ಹೊಗೆ ಇದ್ದ ಮಾತ್ರಕ್ಕೆ ನೀನು ಹೇಳಿದ್ದು ಸಿದ್ಧವಾಗುವುದಿಲ್ಲ’ ಎಂದರೆ ಸಂಕವನ್ನು ಮುರಿದಂತೆ. ಇದೇ ವಾದವನ್ನು ತಿರುಗಿಸಿ, ಬೆಂಕಿ ಇರುವುದರಿಂದ ಹೊಗೆ ಇದೆ ಎಂದು ಸಾಧಿಸಲು ಹೊರಟವನಿಗೆ ನೈಯಾಯಿಕರು ಕಾದ ಕಬ್ಬಿಣದ ಗುಂಡನ್ನು ತೋರಿಸಿದರು: ಬೆಂಕಿ ಇದೆ, ಹೊಗೆ ಎಲ್ಲಿ? ಅಂದಹಾಗೆ ‘ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ’ ಎಂಬ ನಮ್ಮ ಗಾದೆ ಈ ಸಂಕದ ದುರುಪಯೋಗಕ್ಕೆ ಒಳ್ಳೆಯ ನಿದರ್ಶನ. ಊರಿನ ಗಾಳಿಮಾತು ಹೊಗೆಯಲ್ಲ. ಅದು ಬೆಂಕಿ ಇಲ್ಲದೆಯೂ ಧಾರಾಳವಾಗಿ ಏಳುತ್ತದೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಬೇರೆ ದಾರಿಯಿಂದ ಹೆಚ್ಚುಕಡಿಮೆ ಇಲ್ಲಿಗೇ ಬಂದ. ಹ್ಯಾರಿ ಬರ್ಮುಡಾದಲ್ಲಿ ಹುಟ್ಟಿದವನು, ಆದ್ದರಿಂದ ಅವನು ಬ್ರಿಟಿಷ್ ಪ್ರಜೆ ಎಂಬುದು ಅವನು ಕೊಟ್ಟ ಉದಾಹರಣೆ. ಬರ್ಮುಡಾದಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳಾಗುತ್ತಾರೆ ಎಂಬುದು ನಡುವಿನ ಸಂಕ. ಆ ಸಂಕವನ್ನು ಹೊತ್ತುಕೊಂಡಿರುವುದು ಅಲ್ಲಿನ ಕಾನೂನು. ‘ಪ್ರಾಯಶಃ’ ಎಂಬ ಎಚ್ಚರಿಕೆಯ ಪದ ಬೇಕು, ಏಕೆಂದರೆ ತಂದೆತಾಯಿ ಇಬ್ಬರೂ ಪರದೇಶದವರಾಗಿದ್ದರೆ ಲೆಕ್ಕ ತಪ್ಪುತ್ತದೆ. ಇಂದು ಕಾಲೇಜುಗಳಲ್ಲಿ ವಾದದ ಬರವಣಿಗೆ ಕಲಿಸುವವರು ಹೆಚ್ಚಾಗಿ ಎತ್ತಿಕೊಳ್ಳುವುದು ಈ ನಕ್ಷೆಯನ್ನೇ.

ಈಗ ಹುಡುಗಿಯ ವಿಷಯಕ್ಕೇ ಮರಳೋಣ, ಏಕೆಂದರೆ ಕರ್ನಾಟಕದಲ್ಲಿ ಆ ವಾದ ನಿಜವಾಗಿಯೂ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. 1994ರಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಕಲಿಕೆಯ ಮಾಧ್ಯಮ ಮಾತೃಭಾಷೆ ಅಥವಾ ಕನ್ನಡವಾಗಿರಬೇಕು ಎಂದಿತು. 2008ರಲ್ಲಿ ಹೈಕೋರ್ಟಿನ ಪೂರ್ಣಪೀಠ ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಅದನ್ನು ತಳ್ಳಿಹಾಕಿತು. ಸರ್ಕಾರ ಮೇಲ್ಮನವಿ ಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು.

ಪೀಠದ ಮುಂದೆ ಐದು ಪ್ರಶ್ನೆಗಳಿದ್ದವು. ಮೊದಲನೆಯದೇ ವ್ಯಾಖ್ಯೆಯದು: ಮಾತೃಭಾಷೆ ಎಂದರೆ ಯಾವುದು, ಅದನ್ನು ನಿರ್ಧರಿಸುವವರು ಯಾರು? ಹುಡುಗಾಟದ ಪ್ರಶ್ನೆಯಲ್ಲ. ಮಂಗಳೂರಿನ ಮನೆಯೊಂದರಲ್ಲಿ ಅಮ್ಮ ತುಳು, ಅಪ್ಪ ಕೊಂಕಣಿ, ಅಂಗಡಿಬೀದಿಯಲ್ಲಿ ಕನ್ನಡ; ಮಗುವಿನ ಮಾತೃಭಾಷೆ ಯಾವುದು? ಕೋಲಾರದಲ್ಲಿ ತೆಲುಗು ಮಾತನಾಡುತ್ತಾ ಬೆಳೆದ ಮಗುವಿಗೆ ‘ಮಾತೃಭಾಷೆ ಅಥವಾ ಕನ್ನಡ’ ಎಂದಾಗ, ಮನೆಮಾತಿನಲ್ಲಿ ಕಲಿತರೆ ಬೇಗ ಅರ್ಥವಾಗುತ್ತದೆ ಎಂಬ ಕಾರಣ ‘ಅಥವಾ’ದ ಆಚೆ ಬದಿಗೂ ಹೊಂದುತ್ತದೆಯೇ? ನಾವು ಹತ್ತಾರು ವರ್ಷ ಬಳಸಿದ ಪದವೊಂದರ ಅಂಚುಗಳು ಎಲ್ಲಿವೆ ಎಂದು ಕೇಳಿಕೊಂಡಿರಲೇ ಇಲ್ಲ. ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ತಂದೆತಾಯಿ ಅಥವಾ ಪೋಷಕರು ಎಂದು ನ್ಯಾಯಾಲಯ ಹೇಳಿತು. ವಾದಕ್ಕೆ ಇಳಿಯುವ ಮೊದಲು ವ್ಯಾಖ್ಯೆಯನ್ನು ಗಟ್ಟಿಮಾಡಿಕೊಳ್ಳದಿದ್ದರೆ ಎದುರಾಳಿಯೋ ತೀರ್ಪುಗಾರನೋ ಅದನ್ನು ಮಾಡಿಕೊಡುತ್ತಾನೆ, ನಮಗೆ ಬೇಕಾದಂತೆ ಮಾಡುವುದಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಬೇರೆ. ಪ್ರಾಥಮಿಕ ಹಂತದಲ್ಲಿ ಮಕ್ಕಳು ಮಾತೃಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತಾರೆ ಎಂಬ ವಿಷಯದಲ್ಲಿ ತಜ್ಞರೆಲ್ಲ ಒಂದೇ ಅಭಿಪ್ರಾಯದವರಾಗಿದ್ದರೂ, ಅದನ್ನು ಶಾಲೆಗಳ ಮಾನ್ಯತೆಗೆ ಷರತ್ತನ್ನಾಗಿ ಸರ್ಕಾರ ವಿಧಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಅಂದರೆ ಹೊಗೆಯನ್ನು ಯಾರೂ ಮಂಜು ಎನ್ನಲಿಲ್ಲ. ಮುರಿದದ್ದು ಸಂಕ. ‘ಮಗುವಿಗೆ ಒಳ್ಳೆಯದೆಂದು ಗೊತ್ತಾದುದನ್ನು ಸರ್ಕಾರ ಕಡ್ಡಾಯ ಮಾಡಬಹುದು’ ಎಂಬ ಗೃಹೀತ ಸರ್ಕಾರದ ವಾದದ ಅಡಿಯಲ್ಲಿತ್ತು. ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಆಯ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ನ್ಯಾಯಾಲಯ ಆ ಗೃಹೀತವನ್ನು ಒಪ್ಪಲಿಲ್ಲ. ಸಂವಿಧಾನದ 350ಎ ವಿಧಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸಲು ಪ್ರಯತ್ನಿಸಿ ಎನ್ನುತ್ತದೆ, ಒತ್ತಾಯಿಸಿ ಎನ್ನುವುದಿಲ್ಲ ಎಂದೂ ತೋರಿಸಿತು. ಸೌಲಭ್ಯ ಮತ್ತು ಒತ್ತಾಯ, ಇವೆರಡರ ನಡುವಿನ ಹಳ್ಳವನ್ನು ದಾಟಲಾಗದೆ ಇಪ್ಪತ್ತು ವರ್ಷಗಳ ವಾದ ಬಿದ್ದಿತು.

ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನನಗೂ ಅದರ ಬಗ್ಗೆ ಅಸಮಾಧಾನವಿದೆ. ಆದರೆ ಈ ವಿಷಯದ ಭಾಷಣಗಳನ್ನು ಇಂದಿಗೂ ಕೇಳಿ ನೋಡಿ. ಮಾತೃಭಾಷೆಯಲ್ಲಿ ಕಲಿಕೆ ಉತ್ತಮ ಎಂಬುದಕ್ಕೆ ಇನ್ನಷ್ಟು ಮತ್ತಷ್ಟು ಪುರಾವೆಗಳನ್ನು ನಾವು ಪೇರಿಸುತ್ತಲೇ ಇರುತ್ತೇವೆ. ಅದನ್ನು ಅಲ್ಲಗಳೆದವರು ಯಾರು? ಎದುರಾಳಿ ನಿಂತಿರುವ ಜಾಗ ಒಂದು, ನಾವು ಬಾಣ ಬಿಡುತ್ತಿರುವ ದಿಕ್ಕು ಇನ್ನೊಂದು. ಇದನ್ನೇ ವಿವಾದದ ನೆಲೆಯನ್ನು ಗುರುತಿಸುವುದು ಎನ್ನುತ್ತಾರೆ. ಗ್ರೀಕ್ ಮತ್ತು ರೋಮನ್ ವಾಗ್ಮಿಗಳು ಇದಕ್ಕೆ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದರು: ಹಾಗೆ ನಡೆದಿದೆಯೇ, ಅದನ್ನು ಏನೆಂದು ಕರೆಯಬೇಕು, ಅದು ಸರಿಯೇ, ಅದನ್ನು ತೀರ್ಮಾನಿಸುವ ಅಧಿಕಾರ ಯಾರದು. ನಮ್ಮ ವಿಷಯದಲ್ಲಿ ಜಗಳ ಇದ್ದದ್ದು ಎರಡನೆಯದರಲ್ಲಿ ಮತ್ತು ನಾಲ್ಕನೆಯದರಲ್ಲಿ.

ಮಿತಿಸೂಚಕ ಪದಗಳು ಎಂಬ ಇನ್ನೊಂದು ಪರಿಕಲ್ಪನೆ ಇದೆ: ಬಹುಮಟ್ಟಿಗೆ, ಸಾಮಾನ್ಯವಾಗಿ, ಬಹುಶಃ. ಇವನ್ನು ಹೇಡಿಗಳ ಪದಗಳೆಂದು ತಿಳಿದವರು ‘ನಿಸ್ಸಂದೇಹವಾಗಿ’ ಎಂದು ಬರೆಯುತ್ತಾರೆ. ವಾಸ್ತವದಲ್ಲಿ ಸಂದೇಹ ಇರುವಲ್ಲೇ ಆ ಪದ ಹೆಚ್ಚು ಬೀಳುವುದು! 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ, ‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂದು ಸೇರಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಎನ್ನುತ್ತದೆ, ‘ಸಾಧ್ಯವಿರುವಲ್ಲೆಲ್ಲ’ ಎಂದು ಸೇರಿಸಿ. ಆ ಎರಡು ತುಣುಕುಗಳೊಳಗೆ ಇಡೀ ಶಾಲಾ ವ್ಯವಸ್ಥೆ ನುಸುಳಿ ಹೋಗಬಹುದು. ಮಿತಿ ಹೇಳುವುದು ಪ್ರಾಮಾಣಿಕತೆ. ಮಿತಿ ಎಲ್ಲಿ ಶುರುವಾಗುತ್ತದೆಂದು ಹೇಳದಿರುವುದು ಜಾಣತನ. ಓದುಗ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಪೂರ್ವಪಕ್ಷದ ವಿಷಯದಲ್ಲಿ ನಾವು ಯಾರಿಂದಲೂ ಸಾಲ ತರಬೇಕಾಗಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ವಾದವನ್ನು ಮೊದಲು ಮಂಡಿಸಿ, ಅದನ್ನು ಖಂಡಿಸಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುವುದು ಪದ್ಧತಿ. ಜೀವಂತವಾಗಿ ನೋಡಬೇಕೆಂದರೆ ಕರಾವಳಿಯ ತಾಳಮದ್ದಳೆಗೆ ಹೋಗಬೇಕು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಅಲ್ಲೇ ಮಾತು ಕಟ್ಟುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಿಂದು ಬಿದ್ದ ವಾಲಿ, ನಿನಗೂ ನನಗೂ ಹಗೆ ಏನಿತ್ತು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ನಡುರಾತ್ರಿಯವರೆಗೆ ಜನ ಏಳದೆ ಕೂರುವುದು ವಾಲಿಯ ಪ್ರಶ್ನೆ ಗಟ್ಟಿಯಾಗಿರುವುದರಿಂದ. ವಾಲಿಯ ಅರ್ಥಧಾರಿ ಸಪ್ಪೆಯಾದರೆ ರಾಮನ ಮಾತಿಗೂ ರುಚಿ ಇಲ್ಲ.

ಇದರ ತದ್ವಿರುದ್ಧದ್ದು ಹೊಲದ ಬೆರ್ಚಪ್ಪನ ಜೊತೆ ಕುಸ್ತಿ. ಎದುರಾಳಿ ಹೇಳಿದ್ದನ್ನು ಬಿಟ್ಟು, ಹುಲ್ಲು ತುಂಬಿದ ಬೊಂಬೆಯೊಂದನ್ನು ನಾವೇ ಕಟ್ಟಿ, ನಾವೇ ಬೀಳಿಸಿ ಮೀಸೆ ತಿರುವುವುದು. ‘ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳುಹಿಸುವವರು ಕನ್ನಡದ ದ್ವೇಷಿಗಳು’ ಎಂದು ಆರು ಪ್ರಬಂಧಗಳಲ್ಲಿ ಇತ್ತು. ಅಂಥ ದ್ವೇಷಿಯನ್ನು ನಾನು ಹುಡುಕಿದರೂ ಕಾಣಲಿಲ್ಲ. ಕಂಡದ್ದು ಮಗಳಿಗೆ ನಾಳೆ ಕೆಲಸ ಸಿಗುತ್ತದೋ ಇಲ್ಲವೋ ಎಂದು ಹೆದರಿದ ಅಪ್ಪ.

ತರ್ಕದೋಷಗಳ ಪಟ್ಟಿ ಉದ್ದವಿದೆ, ಅದನ್ನೆಲ್ಲ ಬಾಯಿಪಾಠ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಹೇತುವಿನಂತೆ ಕಂಡು ಹೇತುವಲ್ಲದ್ದು ಹೇತ್ವಾಭಾಸ, ಅಷ್ಟು ಸಾಕು. ಸಾಧಿಸಬೇಕಾದ ಮಾತಿನಂತೆ ತಾನೂ ಇನ್ನೂ ಸಾಧಿತವಾಗದ ಕಾರಣವನ್ನು ಕೊಡುವುದು ‘ಸಾಧ್ಯಸಮ’: ಕನ್ನಡ ಮಾಧ್ಯಮವೇ ಶ್ರೇಷ್ಠ, ಏಕೆಂದರೆ ಅದಕ್ಕಿಂತ ಉತ್ತಮವಾದ ಮಾಧ್ಯಮ ಇಲ್ಲ. ಇನ್ನೊಂದನ್ನು ಮಾತ್ರ ಹೇಳದೆ ಇರಲಾರೆ, ಅದು ‘ಛಲ’. ಇಂದು ಛಲವೆಂದರೆ ಹಟ, ಸ್ವಾಭಿಮಾನ. ನ್ಯಾಯಶಾಸ್ತ್ರದಲ್ಲಿ ಅದು ಎದುರಾಳಿಯ ಪದಕ್ಕೆ ಬೇರೆ ಅರ್ಥ ಹಚ್ಚಿ ಬೀಳಿಸುವ ಕುತಂತ್ರ. ‘ಈ ಹುಡುಗ ನವಕಂಬಲ’ ಎಂದು ಒಬ್ಬ ಹೇಳುತ್ತಾನೆ, ಹೊಸ ಕಂಬಳಿ ಹೊದ್ದವನು ಎಂಬ ಅರ್ಥದಲ್ಲಿ. ಎದುರಾಳಿ ಕೇಳುತ್ತಾನೆ: ಒಂಬತ್ತು ಕಂಬಳಿ ಎಲ್ಲಿವೆ? ಶತಮಾನಗಳಷ್ಟು ಹಳೆಯ ಈ ಕೀಟಲೆ ಸಂಜೆಯ ಟಿವಿ ಚರ್ಚೆಗಳಲ್ಲಿ ಇನ್ನೂ ಮುಪ್ಪಾಗಿಲ್ಲ. ಸತ್ಯ ತಿಳಿಯಲು ಮಾಡುವ ಚರ್ಚೆಯನ್ನು ವಾದವೆಂದೂ, ಗೆಲ್ಲಲೆಂದೇ ಮಾಡುವುದನ್ನು ಜಲ್ಪವೆಂದೂ, ತನ್ನದೇನನ್ನೂ ಹೇಳದೆ ಇನ್ನೊಬ್ಬನದನ್ನು ಕೆಡಿಸುವುದನ್ನು ವಿತಂಡವೆಂದೂ ಹಿರಿಯರು ವಿಂಗಡಿಸಿಟ್ಟಿದ್ದಾರೆ. ಯಾವ ಚಾನೆಲ್ ಯಾವ ಗುಂಪಿಗೆ ಎಂಬುದನ್ನು ಓದುಗರಿಗೇ ಬಿಡುತ್ತೇನೆ.

ಭಾವನೆಗೆ ಜಾಗವೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಮನವೊಲಿಸುವ ಮಾತಿಗೆ ಹೇಳುವವನ ನಡತೆ, ಕೇಳುವವನ ಭಾವ, ಮಾತಿನ ತರ್ಕ ಮೂರೂ ಬೇಕೆಂದು ಅರಿಸ್ಟಾಟಲನೇ ಹೇಳಿದ್ದಾನೆ. ಪುರಾವೆ ಇರುವಲ್ಲಿ ಕಣ್ಣೀರೂ ಬರಲಿ. ಪುರಾವೆ ಇರಬೇಕಾದ ಜಾಗದಲ್ಲಿ ಕಣ್ಣೀರು ಕುಳಿತರೆ ಮಾತ್ರ ತೊಂದರೆ.

ಬಹುಮಾನ ವಿತರಣೆಯ ದಿನ ಆ ಹುಡುಗಿ ಹತ್ತಿರ ಬಂದು, ‘ಸರ್, ನನ್ನ ಪ್ರಬಂಧಕ್ಕೆ ಏಕೆ ಬಹುಮಾನ ಬರಲಿಲ್ಲ?’ ಎಂದು ಕೇಳಿದಳು. ‘ನೀನು ಬರೆದದ್ದಕ್ಕೆ ಇಲ್ಲ ಎನ್ನುವವರು ಯಾರಮ್ಮ?’ ಎಂದೆ. ಸ್ವಲ್ಪ ಯೋಚಿಸಿ, ‘ನಮ್ಮ ಅಮ್ಮನೇ ಅನ್ನುತ್ತಾರೆ ಸರ್. ತಮ್ಮನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದಾರೆ’ ಎಂದಳು. ಏಕೆ ಎಂದು ಕೇಳಿದರೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದ ಮೊದಲ ಮೂರು ತಿಂಗಳು ಮಗಳು ರಾತ್ರಿ ಅಳುತ್ತಿದ್ದುದನ್ನು ಅಮ್ಮ ನೋಡಿದ್ದರಂತೆ. ಮೂರು ಪುಟದ ಪ್ರಬಂಧದಲ್ಲಿ ಇದರ ಸುಳಿವೇ ಇರಲಿಲ್ಲ. ಪ್ರಬಂಧದ ಹಾಳೆಗಳನ್ನು ಅವಳಿಗೇ ಕೊಟ್ಟೆ. ಮೆಟ್ಟಿಲ ಮೇಲೆ ಕುಳಿತು ಹಾಳೆಯ ಹಿಂಬದಿಯಲ್ಲಿ ಏನೋ ಬರೆಯತೊಡಗಿದಳು. ಹಾದುಹೋಗುವಾಗ ಬಗ್ಗಿ ನೋಡಿದೆ: ‘ನಮ್ಮ ಅಮ್ಮನ ಮಾತಿನಲ್ಲಿ ನ್ಯಾಯವಿದೆ. ಆದರೆ’ ಎಂದು ಬರೆದು ಪೆನ್ನು ಕಚ್ಚುತ್ತಾ ಕುಳಿತಿದ್ದಳು. ಅಷ್ಟರಲ್ಲಿ ಅವರ ಊರಿನ ಬಸ್ ಬಂತು.